ಸೋರದ ವಾಲ್ವು

ಆ ಸಿಲಿಂಡರ್ ಸೋರಿರಲಿಲ್ಲ. ನಾನೇ ಅದರ ವಾಲ್ವು ತಿರುಗಿಸಿ, ತಲೆಕೆಳಗು ಮಾಡಿ ಹಿಡಿದು, ಪಾಂಡವಪುರದ ಬಸ್‌ಸ್ಟ್ಯಾಂಡಿನ ಹಿಂದೆ ಕಾಂಪೌಂಡ್ ಗೋಡೆಯ ಪಕ್ಕದಲ್ಲಿ ಒಳಗಿದ್ದ ಗ್ಯಾಸನ್ನೆಲ್ಲ ಗಾಳಿಗೆ ಬಿಟ್ಟೆ. ಬಿಟ್ಟು, ಆ ತಪ್ಪನ್ನು ದಸ್ತಗೀರಣ್ಣನ ತಲೆಗೆ ಕಟ್ಟಿದೆ. ಇಪ್ಪತ್ತು ವರ್ಷದ ಮೇಲಾಯಿತು. ಇಷ್ಟು ಹೇಳಿದರೆ ಹೇಳಬೇಕಾದದ್ದೆಲ್ಲ ಮುಗಿಯಿತು ಅನ್ನಬಹುದು — ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಅದೂ ನನ್ನ ಹಳೆಯ ಚಾಳಿಯೇ. ಅರ್ಧ ಹೇಳಿ ಅರ್ಧ ನುಂಗುವುದು.

ನಾನು ಫ್ರಿಜ್ ರಿಪೇರಿ ಮಾಡುವವನು. ಅಂಗಡಿ ಪಾಂಡವಪುರದಲ್ಲಿ, ಹುಟ್ಟಿದ್ದು ನಾಗಮಂಗಲದ ಅಕ್ಕಸಾಲಿಗರ ಮನೆಯಲ್ಲಿ. ಅಪ್ಪ ಜೀವಮಾನವೆಲ್ಲ ಚಾಪೆಯ ಮೇಲೆ ಬೆನ್ನು ಬಗ್ಗಿಸಿ ಕೂತು ಚಿನ್ನದ ಕೆಲಸ ಮಾಡಿದವರು. ನನಗೆ ಆ ಕೂತ ಕೆಲಸ ಒಗ್ಗಲಿಲ್ಲ. ಓಡಾಡಬೇಕು, ನಾಲ್ಕು ಜನರ ಮನೆ ನೋಡಬೇಕು ಅನ್ನುವ ಚಪಲ. ಅಪ್ಪನ ಊದುಗೊಳವೆ ಬಿಟ್ಟು ಗ್ಯಾಸ್ ಟಾರ್ಚ್ ಹಿಡಿದೆ. ಅದನ್ನು ಹಿಡಿಯಲು ಕಲಿಸಿದವರು ದಸ್ತಗೀರಣ್ಣ.

ಅವರು ಶ್ರೀರಂಗಪಟ್ಟಣದ ಪಕ್ಕದ ಗಂಜಾಂನವರು, ನನಗಿಂತ ಹತ್ತು ವರ್ಷ ದೊಡ್ಡವರು. ತಾಮ್ರದ ಕೊಳವೆಗೆ ಅವರು ಹಾಕಿದ ಬೆಸುಗೆಯ ಮೇಲೆ ಕಣ್ಣು ಮುಚ್ಚಿ ಬೆರಳಾಡಿಸಿದರೆ ಎಲ್ಲಿ ಸೇರಿಸಿದ್ದಾರೆ ಅಂತ ಗೊತ್ತಾಗುತ್ತಿರಲಿಲ್ಲ. ಯಾರ ಕೆಲಸವನ್ನೂ ಸುಲಭಕ್ಕೆ ಮೆಚ್ಚದ ನನ್ನ ಅಪ್ಪ ಒಂದು ಸಲ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಈ ಸಾಬ್ರು ನಮ್ ಮನೇಲಿ ಹುಟ್ಬೇಕಾಗಿತ್ತು ಕಣಪ್ಪ" ಅಂದಿದ್ದರು. ಪಕ್ಕದಲ್ಲೇ ನಿಂತಿದ್ದೆ. ಹೊಟ್ಟೆ ಉರಿಯಿತೋ, ಹೆಮ್ಮೆಯಾಯಿತೋ — ಎರಡೂ ಆಯಿತು ಅಂತಲೇ ಇಟ್ಟುಕೊಳ್ಳಿ.

ಆಗಿನ ಫ್ರಿಜ್ಜುಗಳಲ್ಲಿ ಆರ್-ಟ್ವೆಲ್ವ್ ಅನ್ನುವ ಗ್ಯಾಸ್ ಇರುತ್ತಿತ್ತು. ರಿಪೇರಿಗೆ ಬಂದರೆ ಮೊದಲ ಕೆಲಸ ಕೊಳವೆ ಕತ್ತರಿಸಿ ಆ ಗ್ಯಾಸ್ ಹೊರಗೆ ಬಿಡುವುದು. ಸುಂಯ್ ಅನ್ನುತ್ತಿತ್ತು, ಹೋಗುತ್ತಿತ್ತು. ಬಣ್ಣವಿಲ್ಲ, ವಾಸನೆಯಿಲ್ಲ, ಉರಿಯುವುದೂ ಇಲ್ಲ. ಅಂಥದ್ದರ ಬಗ್ಗೆ ಯಾರಿಗೆ ಭಯವಿರುತ್ತದೆ? ಹೀಗೇ ನೂರಾರು ಫ್ರಿಜ್ಜು ಬಿಟ್ಟಿದ್ದೇನೆ. ಅದು ಗೊತ್ತಿಲ್ಲದೆ ಮಾಡಿದ್ದು. ನಾನು ಈಗ ಬರೆಯುತ್ತಿರುವುದು ಗೊತ್ತಿದ್ದೂ ಮಾಡಿದ್ದರ ಬಗ್ಗೆ.

ಒಂದು ವರ್ಷ ಸುತ್ತಮುತ್ತಲ ತಾಲ್ಲೂಕುಗಳ ಮೆಕ್ಯಾನಿಕ್ಕುಗಳನ್ನೆಲ್ಲ ಮೈಸೂರಿಗೆ ಕರೆಸಿ ತರಬೇತಿ ಕೊಟ್ಟರು. ಪಾಠ ಹೇಳಿದ ಮೇಷ್ಟರು ಸಮಾಧಾನದ ಮನುಷ್ಯ. ಭೂಮಿಯ ಮೇಲೆ, ಮೋಡಕ್ಕಿಂತ ಬಹಳ ಎತ್ತರದಲ್ಲಿ ಓಜೋನ್ ಅಂತ ಒಂದು ಪದರವಿದೆ. ಬಿಸಿಲಿನಲ್ಲಿರುವ ಕೆಟ್ಟ ಕಿರಣಗಳನ್ನು ಅದು ತಡೆಯುತ್ತದೆ. ನಾವು ಬಿಟ್ಟ ಗ್ಯಾಸು ನಿಧಾನವಾಗಿ, ವರ್ಷಗಟ್ಟಲೆ ಏರಿ ಹೋಗಿ ಆ ಪದರವನ್ನೇ ತಿನ್ನುತ್ತದೆ. ಅದು ತೆಳುವಾದರೆ ಚರ್ಮಕ್ಕೆ ಕೇಡು, ಕಣ್ಣಿಗೆ ಪೊರೆ, ಬೆಳೆಗೂ ಪೆಟ್ಟು — ಹೀಗೆ ಬೋರ್ಡಿನ ಮೇಲೆ ಬರೆದು ಬರೆದು ಹೇಳಿದರು. ದಕ್ಷಿಣ ಧ್ರುವದ ಮೇಲೆ ಆಗಲೇ ತೂತು ಬಿದ್ದಷ್ಟು ತೆಳುವಾಗಿದೆಯಂತೆ. ಹೊಸದಾಗಿ ಈ ಗ್ಯಾಸ್ ಮಾಡುವುದನ್ನು ಲೋಕವೆಲ್ಲ ಸೇರಿ ನಿಲ್ಲಿಸುತ್ತಿದ್ದಾರೆ, ಆದರೆ ಹಳೆಯ ಫ್ರಿಜ್ಜುಗಳ ಹೊಟ್ಟೆಯಲ್ಲಿ ಇರುವುದನ್ನು ನೀವೇ ಹಿಡಿಯಬೇಕು, ಬಿಡಬಾರದು ಅಂದರು.

ನಾನು ಎದ್ದು ನಿಂತು ಕೇಳಿದೆ: "ನಾಗಮಂಗಲದ ಫ್ರಿಜ್ಜಿಗೂ ದಕ್ಷಿಣ ಧ್ರುವಕ್ಕೂ ಏನ್ ಸಾ ನೆಂಟಸ್ತಿಕೆ?"

ಎಲ್ಲರೂ ಹೋ ಅಂತ ನಕ್ಕರು. ಮೇಷ್ಟರೂ ನಕ್ಕರು. ದಸ್ತಗೀರಣ್ಣ ನಗಲಿಲ್ಲ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಕೇಳಿದರು.

"ಲೋ ಆಚಾರಿ, ನಿಮ್ಮಪ್ಪಾರು ಅಂಗ್ಡಿ ಕಸವ ಬೀದಿಗೆ ಎಸೀತಾರೇನ್ಲಾ?"

ಎಸೆಯುವುದಿಲ್ಲ. ಅಕ್ಕಸಾಲಿಗರ ಮನೆಯಲ್ಲಿ ಕೆಲಸದ ಜಾಗ ಗುಡಿಸಿದ ಕಸವನ್ನು ಯಾರೂ ಬೀದಿಗೆ ಎಸೆಯುವುದಿಲ್ಲ. ಡಬ್ಬದಲ್ಲಿ ತುಂಬಿಡುತ್ತಾರೆ. ಅರ ಹಾಕಿದಾಗ ಉದುರಿದ, ಕಣ್ಣಿಗೂ ಕಾಣದ ಚಿನ್ನದ ಪುಡಿ ಅದರಲ್ಲಿ ಇರುತ್ತದೆ. ಜಲಗಾರರು ಬಂದು ಆ ಕಸ ಕೊಂಡುಹೋಗಿ ತೊಳೆದು ಚಿನ್ನ ತೆಗೆಯುತ್ತಾರೆ. ಅಪ್ಪ ಸಂಜೆ ಎದ್ದಾಗ ಪಂಚೆ ಕೊಡವುತ್ತಿದ್ದುದೂ ಆ ಚಾಪೆಯ ಮೇಲೇ.

"ಕಣ್ಗ್ ಕಾಣ್ದಿರೋ ಪುಡಿಗೆ ಅಷ್ಟು ಜ್ವಾಪಾನ ಮಾಡೋ ಮನೇಲಿ ಹುಟ್ಟಿ, ಕಣ್ಗ್ ಕಾಣಾಕಿಲ್ಲ ಅಂತ ಗ್ಯಾಸ್ ಬುಡ್ತೀಯಲ್ಲಾ" ಅಂದರು ದಸ್ತಗೀರಣ್ಣ. "ಸೂರು ತೂತಾದ್ರೆ ಯಾರ್ ತಲೆ ಮ್ಯಾಲೆ ಸೋರ್ಬೇಕು ಅಂತ ಕೇಳ್ಕಂಡ್ ಸೋರ್ತದಾ?"

ನಾನು ನಿದ್ದೆ ಬಂದವನಂತೆ ಕಣ್ಣು ಮುಚ್ಚಿದೆ.

ಗ್ಯಾಸ್ ಹೀರುವ ಮಿಷನ್ನು ನಮ್ಮ ಕಡೆಗೆ ಕೊಟ್ಟದ್ದು ಒಂದೇ. ಅದು ದಸ್ತಗೀರಣ್ಣನ ಕೈಗೆ ಹೋಯಿತು, ತರಬೇತಿಯ ಪರೀಕ್ಷೆಯಲ್ಲಿ ಅವರ ಬೆಸುಗೆಯೇ ಎಲ್ಲರಿಗಿಂತ ಚೆನ್ನಾಗಿತ್ತು. ಜೊತೆಗೆ ಬೂದು ಬಣ್ಣದ, ಕತ್ತಿಗೆ ಹಳದಿ ಬಳಿದ ಒಂದು ಸಿಲಿಂಡರ್. ಅದು ತುಂಬಿದಾಗ ಮೈಸೂರಿನ ತರಬೇತಿ ಕೇಂದ್ರಕ್ಕೆ ಮುಟ್ಟಿಸಬೇಕು. ಅವರು ಶುದ್ಧ ಮಾಡಿಯೋ, ಸುಟ್ಟೋ, ಒಟ್ಟಿನಲ್ಲಿ ಮೇಲೆ ಹೋಗದಂತೆ ನೋಡಿಕೊಳ್ಳುತ್ತಾರೆ. ದಸ್ತಗೀರಣ್ಣ ಕೆಂಪು ಬಣ್ಣದಲ್ಲಿ ಸಿಲಿಂಡರ್ ಮೇಲೆ ತಮ್ಮ ಹೆಸರು ಬರೆದರು: ದಸ್ತಗೀರ್, ಗಂಜಾಂ.

ಒಂದು ಫ್ರಿಜ್ಜಿನಲ್ಲಿ ಇರುವ ಗ್ಯಾಸು ನೀರಾಗಿಸಿದರೆ ಅರ್ಧ ಲೋಟ. ಅಷ್ಟನ್ನು ಹಿಡಿಯಲು ಅರ್ಧ ಗಂಟೆ. ಟ್ರಂಕಿನ ಹಾಗೆ ಭಾರವಿದ್ದ ಆ ಮಿಷನ್ನನ್ನು ಮೊಪೆಡ್ಡಿನ ಹಿಂದೆ ಕಟ್ಟಿಕೊಂಡು ಅವರು ಚಿನಕುರಳಿಗೆ ಹೋದರು, ಗೋವಿಂದನಹಳ್ಳಿಗೆ ಹೋದರು, ಕೆ.ಆರ್. ಪೇಟೆಯ ಸಂದುಗೊಂದಿಗಳಿಗೆಲ್ಲ ಹೋದರು. ಕೆ.ಆರ್. ಪೇಟೆಯಲ್ಲಿ ಒಬ್ಬ ಹೆಂಗಸು, "ಏನ್ ಸಾಬ್ರೇ, ಅಳೇ ಗಾಳೀನೂ ಬುಡಾಕಿಲ್ವಾ ನೀವು?" ಅಂತ ಕೇಳಿದರೆ, "ಬುಟ್ರೆ ನಿಮ್ ತಲೆ ಮ್ಯಾಲೇ ಓಯ್ತದೆ ಕಣವ್ವ, ಬ್ಯಾಡ" ಅಂದರಂತೆ. ನಾವು ಮಿಕ್ಕವರು ದಿನಕ್ಕೆ ನಾಲ್ಕು ಫ್ರಿಜ್ಜು ಮಾಡುತ್ತಿದ್ದ ಹೊತ್ತಿಗೆ ಅವರದ್ದು ಎರಡು. ಬಹುಪಾಲು ಫ್ರಿಜ್ಜುಗಳ ಗ್ಯಾಸು ಮೊದಲೇ ಸೋರಿ ಹೋಗಿರುತ್ತಿದ್ದುದರಿಂದ ಎರಡು ವರ್ಷ ಹಿಡಿಯಿತು ಆ ಸಿಲಿಂಡರ್ ತುಂಬಲು. ಅರ್ಧರ್ಧ ಲೋಟ.

ತುಂಬಿದ ದಿನ ಅವರು ಚಿನಕುರಳಿಯಲ್ಲಿ ಕೆಲಸ ಮುಗಿಸಿ ನನ್ನ ಅಂಗಡಿಗೆ ಬಂದರು. ಅಷ್ಟರಲ್ಲಿ ಕೆ.ಆರ್. ಪೇಟೆಗೆ ಕೊಟ್ಟಿದ್ದ ಮಗಳಿಗೆ ಹೆರಿಗೆ ನೋವು ಅಂತ ಫೋನು. ಹೊರಡುವ ಅವಸರದಲ್ಲೂ ಬಟ್ಟಲಿನಲ್ಲಿ ಸೋಪು ನೊರೆ ಮಾಡಿ ವಾಲ್ವಿಗೆ ಬಳಿದು, ಬಗ್ಗಿ, ಉಸಿರು ಬಿಗಿ ಹಿಡಿದು ನೋಡಿದರು. ಗ್ಯಾಸು ಸೋರಿದರೆ ಗುಳ್ಳೆ ಏಳುತ್ತದೆ. ಒಂದೂ ಏಳಲಿಲ್ಲ. ನಾನೂ ನೋಡಿದೆ.

"ನಾಳೆ ಎಂಗೂ ಮದ್ವೆಗೆ ಮೈಸೂರ್ಗೆ ಓಯ್ತಿದ್ದೀಯಲ್ಲ, ಇದ್ನ ಕೇಂದ್ರಕ್ಕೆ ಮುಟ್ಟುಸ್ಬುಡು ಕಣ್ಲಾ. ಎಲ್ಡ್ ವರ್ಸದ್ದು. ಉಸಾರು."

"ನೀವ್ ಓಗಿ ಅಣ್ಣ, ನಾನ್ ಮುಟ್ಟುಸ್ತೀನಿ" ಅಂದೆ.

ಮಾರನೆಯ ದಿನ ನನ್ನ ಭಾಮೈದನ ಮದುವೆ. ಹೆಂಡತಿ ಮಕ್ಕಳು ಮೊದಲೇ ಹೋಗಿದ್ದರು. ತಾಳಿ ನನ್ನ ಜೇಬಿನಲ್ಲಿತ್ತು. ನಮ್ಮಲ್ಲಿ ತಾಳಿಯನ್ನು ಅಂಗಡಿಯಿಂದ ಕೊಂಡು ತರುವುದಿಲ್ಲ, ನೆಂಟರಲ್ಲೇ ಹಿರಿಯರೊಬ್ಬರ ಕೈಯಲ್ಲಿ ಆಗಬೇಕು; ಅಪ್ಪ ಮಾಡಿದ್ದರು, ನಾನು ಒಯ್ಯಬೇಕಿತ್ತು. ಒಂದು ಕೈಯಲ್ಲಿ ಸಿಲಿಂಡರ್, ಇನ್ನೊಂದು ಕೈ ಆಗಾಗ ಜೇಬು ಮುಟ್ಟಿ ನೋಡುತ್ತಿತ್ತು. ಬಸ್ಸಿನ ಬಾಗಿಲಲ್ಲಿ ಕಂಡಕ್ಟರ್ ಅಡ್ಡ ನಿಂತ.

"ಯೋ ಆಚಾರ್ರೇ, ತುಂಬಿದ್ ಸಿಲಿಂಡ್ರು ಅತ್ತುಸ್ಬ್ಯಾಡಿ. ಸಿಡುದ್ರೆ ಯಾರ್ ಜವಾಬ್ದಾರಿ?"

"ಇದು ಉರಿಯಾಕಿಲ್ಲ ಕಣಣ್ಣ. ಫ್ರಿಜ್ ಗ್ಯಾಸು."

"ಯಾವ್ದಾದ್ರೂ ಗ್ಯಾಸ್ ಗ್ಯಾಸೇ. ಖಾಲಿ ಆಗಿದ್ರೆ ತಗಂಬನ್ನಿ. ಅತ್ತು ನಿಮ್ಸ ಐತೆ, ಆಮ್ಯಾಕೆ ಬುಟ್ಬುಡ್ತೀನಿ."

ಹತ್ತು ನಿಮಿಷ. ನನ್ನ ಅಂಗಡಿ ಅಲ್ಲಿಂದ ದೂರವಿರಲಿಲ್ಲ — ಓಡಿ ಹೋಗಿ ಇಟ್ಟು ಬರಬಹುದಿತ್ತು. ಎದುರಿಗೇ ಟೀ ಅಂಗಡಿ, ಗುರುತಿನವನದೇ. ಸಂಜೆವರೆಗೆ ಇಟ್ಕೊಳಪ್ಪ ಅಂದಿದ್ದರೆ ಬೇಡ ಅನ್ನುತ್ತಿರಲಿಲ್ಲ. ಇವೆರಡೂ ಆಗಲೇ ನನಗೆ ಹೊಳೆದಿದ್ದವು. ಆಮೇಲೆ ಯೋಚಿಸಿ ಕಂಡುಕೊಂಡದ್ದಲ್ಲ. ಆದರೂ ನಾನು ಹೋದದ್ದು ಬಸ್‌ಸ್ಟ್ಯಾಂಡಿನ ಹಿಂದಕ್ಕೆ. ಯಾಕೆ ಅಂದರೆ — ತಲುಪಿಸಿದೆ ಅನ್ನಿಸಿಕೊಳ್ಳಬೇಕಿತ್ತು, ಅಷ್ಟೆ. ಸಂಜೆ ದಸ್ತಗೀರಣ್ಣ ಕೇಳಿದರೆ 'ಮುಟ್ಟಿಸಿದೆ' ಅನ್ನಬೇಕಿತ್ತು. ಕೇಂದ್ರದಲ್ಲಿ ಸಿಲಿಂಡರ್ ಸಾಲಾಗಿ ಜೋಡಿಸಿಡುತ್ತಾರೆ, ಒಳಗೇನಿದೆ ಅಂತ ಯಾರು ನೋಡುತ್ತಾರೆ ಅಂದುಕೊಂಡೆ. ನಿಜ ಹೇಳಬೇಕೆಂದರೆ, ಅವರ ಎರಡು ವರ್ಷ ನನ್ನ ಕಣ್ಣಿಗೆ ಬರೀ ಗಾಳಿಯಾಗಿತ್ತು.

ಸಿಲಿಂಡರ್ ತಲೆಕೆಳಗು ಮಾಡಿ ವಾಲ್ವು ಪೂರ್ತಿ ತಿರುಗಿಸಿದೆ. ಬುಸ್ಸೆಂದು ಬಿಳಿ ಹೊಗೆಯಂತೆ ಬಂತು. ಗೋಡೆಯ ಬುಡದಲ್ಲಿದ್ದ ಪಾರ್ಥೇನಿಯಂ ಗಿಡದ ಮೇಲೆ, ಅಂಥ ಬಿಸಿಲಲ್ಲಿ, ಮಂಜು ಕಟ್ಟಿತು. ಎಲೆಗಳು ಬೆಳ್ಳಗೆ ಪುಡಿಯಾದವು. ವಾಲ್ವು ಹಿಡಿದ ಬೆರಳು ತಣ್ಣಗೆ ಸುಟ್ಟಿತು, ತೋರುಬೆರಳ ತುದಿಯಲ್ಲಿ ಬೊಬ್ಬೆ ಎದ್ದಿತು. ಇವತ್ತಿಗೂ ಅಲ್ಲಿ ಮುಟ್ಟಿದರೆ ಗೊತ್ತಾಗುವುದಿಲ್ಲ. ಸದ್ದು ಸಣ್ಣಗಾಗಿ, ಇನ್ನೂ ಸಣ್ಣಗಾಗಿ ನಿಂತಿತು. ವಾಲ್ವು ಬಿಗಿ ಮಾಡಿ, ಹಗುರವಾದ ಸಿಲಿಂಡರನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರ್ ಕುಲುಕಿ ನೋಡಿ, "ಆಂ, ಈಗ್ ಸರಿ" ಅಂದ.

ತಾಳಿ ಮುಹೂರ್ತಕ್ಕೆ ಮುಟ್ಟಿತು. ಊಟವೂ ಚೆನ್ನಾಗಿತ್ತು.

ಮಧ್ಯಾಹ್ನ ಹಣೆಯ ಮೇಲೆ ಕುಂಕುಮ ಇಟ್ಟುಕೊಂಡೇ ಕೇಂದ್ರಕ್ಕೆ ಹೋದೆ. ಅಲ್ಲಿದ್ದವರು ಸಿಲಿಂಡರನ್ನು ಜೋಡಿಸಿಡಲಿಲ್ಲ. ತೂಕಕ್ಕೆ ಇಟ್ಟರು. ಮುಳ್ಳು ಖಾಲಿ ಸಿಲಿಂಡರಿನ ತೂಕದಿಂದ ಮೇಲೇಳಲೇ ಇಲ್ಲ. ಕೆಂಪು ಬಣ್ಣದ ಹೆಸರು ಓದಿದರು, ನನ್ನ ಮುಖ ನೋಡಿದರು.

"ಎರಡು ವರ್ಷದ ಮೇಲೆ ಖಾಲಿ ಕಳಿಸಿದ್ದಾರಲ್ಲ. ದಾರಿಯಲ್ಲಿ ಏನಾದರೂ ಆಯಿತಾ?"

ಅವರು ನನಗೆ ಬಾಗಿಲು ತೆರೆದೇ ಕೇಳಿದ್ದರು. ಆಯಿತು ಸಾ, ನನ್ನಿಂದ ತಪ್ಪಾಯಿತು ಅಂದಿದ್ದರೆ ನಾಲ್ಕು ಮಾತು ಬೈದು ಕಳಿಸುತ್ತಿದ್ದರು. ಅಷ್ಟರಲ್ಲಿ ಮುಗಿಯುತ್ತಿತ್ತು. ನಾನು ಅಂದೆ:

"ಗೊತ್ತಿಲ್ಲ ಸಾ. ಅವ್ರು ಕೊಟ್ಟಂಗೇ ತಂದಿದ್ದೀನಿ."

ಕೊಟ್ಟಂಗೇ ತಂದಿದ್ದೀನಿ. ಇದೇ ಮಾತು. ಇಪ್ಪತ್ತು ವರ್ಷದಿಂದ ಬಾಯಿ ಮುಕ್ಕಳಿಸುವಾಗಲೂ ನಾಲಿಗೆಯ ಮೇಲೆ ಸಿಗುತ್ತದೆ.

ಒಂದು ವಾರಕ್ಕೆ ಕೇಂದ್ರದವರು ಇಬ್ಬರು ಜೀಪಿನಲ್ಲಿ ಗಂಜಾಂಗೆ ಬಂದರು. ದಸ್ತಗೀರಣ್ಣ ನನಗೆ ಹೇಳಿ ಕಳಿಸಿದ್ದರು, ಸಾಕ್ಷಿಗೆ. ಬೀದಿಯವರೆಲ್ಲ ಬಾಗಿಲಲ್ಲಿ ನಿಂತಿದ್ದರು. ಗ್ಯಾಸು ಹಿಡಿಯದೆಯೇ ಹಿಡಿದಂತೆ ಲೆಕ್ಕ ತೋರಿಸಿದ್ದೀರಿ ಅಂತ ಬಂದವರು ಅನ್ನುತ್ತಿದ್ದರೆ, ಮೊಮ್ಮಗ ಹುಟ್ಟಿದ ಖುಷಿ ಇನ್ನೂ ಆರದ ಮುಖದಲ್ಲಿ ಅವರು ನನ್ನ ಕಡೆ ತಿರುಗಿದರು. "ಆಚಾರಿ, ನೀನೇ ಯೋಳು. ಸೋಪ್ ನೀರ್ ಆಕಿ ನೋಡ್ನಿಲ್ವಾ ನಿನ್ ಮುಂದೇನೇ?"

"ನೋಡಿದ್ರು ಸಾ" ಅಂದೆ. ಆಮೇಲೆ ಇಷ್ಟು ಸೇರಿಸಿದೆ: "ರಾತ್ರಿ ಏನ್ ಸೋರ್ತೋ, ನಂಗೊತ್ತಿಲ್ಲ."

ಮಿಷನ್ನು ಜೀಪಿಗೆ ಹೋಯಿತು. ಜೊತೆಗೆ ತಂದಿದ್ದ ಖಾಲಿ ಸಿಲಿಂಡರನ್ನು, ಸೋರುವ ಮಾಲು ಅಂತ, ಅವರ ಜಗಲಿಯ ಮೇಲೇ ಬಿಟ್ಟು ಹೋದರು. ಎರಡು ತಿಂಗಳ ಮೇಲೆ ಅದೇ ಮಿಷನ್ನು ನನ್ನ ಅಂಗಡಿಗೆ ಬಂತು — ಹೌದು, ನನಗೇ ಕೊಟ್ಟರು. ಬೇಡ ಅನ್ನಲಿಲ್ಲ. ಅದರಲ್ಲಿ ಸರಿಯಾಗಿಯೇ ಕೆಲಸ ಮಾಡಿದೆ, ಹಳೆಯ ಫ್ರಿಜ್ಜು ಬರುವುದು ನಿಲ್ಲುವವರೆಗೂ ಒಂದು ಲೋಟವನ್ನೂ ಗಾಳಿಗೆ ಬಿಡಲಿಲ್ಲ. ಅದನ್ನು ಪ್ರಾಯಶ್ಚಿತ್ತ ಅಂತ ಕರೆಯಲು ಹೋಗಬೇಡಿ. ಕದ್ದ ಹಸುವಿಗೆ ಚೆನ್ನಾಗಿ ಹುಲ್ಲು ಹಾಕಿದರೆ ಅದು ನಿಮ್ಮದಾಗುತ್ತದಾ?

ನಮ್ಮ ಕಸುಬಿನವರ ನಡುವೆ ಅವರಿಗೆ 'ಖಾಲಿ ಸಿಲಿಂಡ್ರು' ಅಂತ ಅಡ್ಡಹೆಸರು ಬಿತ್ತು. ನಾನು ಆ ಹೆಸರಿಂದ ಕರೆಯಲಿಲ್ಲ; ಕರೆದವರ ಬಾಯಿ ಮುಚ್ಚಿಸಲೂ ಇಲ್ಲ. ಅವರು ಜಗಳ ಆಡಬಹುದಿತ್ತು. ನನ್ನ ಮೇಲೆ ಅನುಮಾನ ಪಡಬಹುದಿತ್ತು — ಪಡಲಿ ಅಂತ ಕಾದೆ ಕೂಡ. ಜೀಪು ಬಂದು ಹೋದ ವಾರದಲ್ಲೇ ಒಂದು ದಿನ ಅಂಗಡಿಗೆ ಬಂದು, ಬೆಂಚಿನ ಮೇಲೆ ಕೂತು, ಎರಡೂ ಅಂಗೈ ತಿರುಗಿಸಿ ನೋಡಿಕೊಂಡರು.

"ನಿಂದೇನ್ಲಾ ತಪ್ಪು, ನೀನ್ ಕೊಟ್ಟಂಗೆ ತಗಂಡೋದೆ. ನನ್ ಕೈಯೇ ಎಲ್ಲೋ ಮೋಸ ಮಾಡ್ತು. ವಾಲ್ವು ಸರ್ಯಾಗಿ ಕುಂತಿರ್ನಿಲ್ಲ ಕಣ್ಲಾ."

ಯಾವ ಕೈ ನೋಡಿ ಅಪ್ಪ ನಮ್ಮ ಮನೆಯಲ್ಲಿ ಹುಟ್ಟಬೇಕಿತ್ತು ಅಂದಿದ್ದರೋ, ಆ ಕೈ. ಕಸುಬಿನವನಿಗೆ ಕೈಯ ಮೇಲೆ ನಂಬಿಕೆ ಹೋದರೆ ಇನ್ನೇನು ಉಳಿಯುತ್ತದೆ? ನನ್ನ ತೋರುಬೆರಳಿಗೆ ಸುತ್ತಿದ್ದ ಬಟ್ಟೆ ನೋಡಿ, "ಇದೇನಾಯ್ತ್ಲಾ?" ಅಂದರು. "ಬೆಸುಗೆ ತಾಕ್ತು ಅಣ್ಣ" ಅಂದೆ. "ಉಸಾರಾಗ್ ಮಾಡು" ಅಂದರು.

ಅಲ್ಲಿಂದ ಅವರು ಫ್ರಿಜ್ ಕೆಲಸ ಕಡಿಮೆ ಮಾಡಿದರು. ಮಿಕ್ಸಿ, ಫ್ಯಾನು, ಬೋರಿನ ಮೋಟಾರು. ಆದರೆ ಆ ಸಿಲಿಂಡರ್ ಮಾತ್ರ ಬಿಸಾಕಲಿಲ್ಲ. ವರ್ಷಕ್ಕೊಮ್ಮೆಯೋ ಎರಡು ಸಲವೋ ಅದಕ್ಕೆ ಸೈಕಲ್ ಪಂಪಿನಿಂದ ಗಾಳಿ ತುಂಬಿ, ಹಿತ್ತಿಲಿನ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಮುಂದೆ ಕುಕ್ಕರಗಾಲಲ್ಲಿ ಕೂತು ಗುಳ್ಳೆ ಕಾಯುತ್ತಿದ್ದರು. ಗುಳ್ಳೆ ಬರುತ್ತಿರಲಿಲ್ಲ. ಅವರ ಹೆಂಡತಿ ಬೈಯುತ್ತಿದ್ದರು, ಪಕ್ಕದ ಮನೆಯವರು ನಗುತ್ತಿದ್ದರು. ಸೋರಿದ್ದು ನಿಜವಾದರೆ ಎಲ್ಲಿ ಸೋರಿತು — ಅವರಿಗೆ ಅದೊಂದು ಗೊತ್ತಾಗಬೇಕಿತ್ತು.

ಇಲ್ಲಿಗೆ ನನ್ನ ತಪ್ಪು ಮುಗಿದಿದ್ದರೆ ಎಷ್ಟೋ ಚೆನ್ನಾಗಿತ್ತು. ಇನ್ನೊಂದಿದೆ. ಮೊದಲನೆಯದಕ್ಕಿಂತ ಕೀಳಾದದ್ದು.

ನಾಲ್ಕು ವರ್ಷದ ಹಿಂದೆ ಅವರೇ ಫೋನು ಮಾಡಿದರು. "ಕಣ್ಣು ಮಂಜಾಗೈತೆ ಕಣ್ಲಾ, ನೀರೊಳ್ಗೆ ಏನೂ ಕಾಣಾಕಿಲ್ಲ. ನಿನ್ ಕಂಪ್ರೆಸರ್ ತಗಂಬಾ, ಒಂದ್ಸಲ ಗಟ್ಟಿಯಾಗ್ ಗಾಳಿ ತುಂಬಿ ನೀನೇ ನೋಡು." ಹೋದೆ. ಕಂಪ್ರೆಸರ್ ಹಾಕಿ ಗಾಳಿ ತುಂಬಿದೆ, ಮುಳುಗಿಸಿದೆ. ಇಬ್ಬರೂ ತೊಟ್ಟಿಯ ಪಕ್ಕ ಕೂತೆವು. ಬಿಸಿಲು ಏರಿತು. ನೀರು ಕನ್ನಡಿಯ ಹಾಗೆ ನಿಂತಿತ್ತು. ಐದು ನಿಮಿಷಕ್ಕೊಮ್ಮೆ, "ಬಂತಾ?" ಅನ್ನುವರು. "ಇಲ್ಲ ಅಣ್ಣ." ಮತ್ತೆ, "ಬಂತಾ?"

ನನಗೆ ಸಾಕಾಗಿ ಹೋಗಿತ್ತು. ಆ ಪ್ರಶ್ನೆ ಸಾಕು, ಆ ಸಿಲಿಂಡರ್ ಸಾಕು, ಆ ಕೆಂಪು ಹೆಸರು ಸಾಕು. ಇದು ಮುಗಿದರೆ ಸಾಕು ಅನ್ನಿಸಿ —

"ಅಗೋ ಬಂತು ಅಣ್ಣ. ವಾಲ್ವಿನ ಬುಡದಲ್ಲಿ. ಒಂದೇ ಒಂದು ಗುಳ್ಳೆ."

ಅವರು ಮಂಜುಗಣ್ಣಿನಲ್ಲೇ ನೀರಿನ ಕಡೆ ಬಗ್ಗಿದರು. ಆಮೇಲೆ "ಆಂ" ಅಂದರು. "ಅಂಗಾದ್ರೆ ನಂದೇ. ಬುಡು, ಗೊತ್ತಾಯ್ತಲ್ಲ." ಸಿಲಿಂಡರನ್ನು ಎತ್ತಿಸಿ, ಹೆಗಲ ಮೇಲಿನ ಟವಲಿನಿಂದ ಒರೆಸಿ ಒಳಗಿಟ್ಟರು. ಹೊರಗೆ ಬರುವಾಗ ಕೈಯಲ್ಲಿ ಅವರ ಟಾರ್ಚ್ ಇತ್ತು — ನನಗೆ ಬೆಸುಗೆ ಕಲಿಸಿದ ಅದೇ ಟಾರ್ಚ್. "ತಗಂಡೋಗು. ನಂಗಿನ್ಯಾಕೆ?" ಅಂದರು.

ತಗೊಂಡೆ. ಇವತ್ತು ಬೆಳಿಗ್ಗೆಯೂ ಅದರಲ್ಲೇ ಕೆಲಸ ಮಾಡಿದೆ.

ಹೋದ ತಿಂಗಳು ಅವರ ಕಣ್ಣಿನ ಪೊರೆ ತೆಗೆಸಲು ಆದಿಚುಂಚನಗಿರಿಯ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ನಾಗಮಂಗಲದ ಕಡೆ ನನಗೆ ಗೊತ್ತಿದ್ದವರಿದ್ದರು. ಪೊರೆ ಬಂದದ್ದು ವಯಸ್ಸಿಗೆ. ಬಿಸಿಲಿಗೂ ಓಜೋನಿಗೂ ಗಂಟು ಹಾಕಲು ಬರುವುದಿಲ್ಲ ಅಂತ ನನಗೆ ಗೊತ್ತು. ಆದರೂ ಕಾಯುವ ಬೆಂಚಿನ ಮೇಲೆ ಕೂತು ಅವರು ನನ್ನ ಮಂಡಿಗೆ ಗುದ್ದಿ, "ಮೇಷ್ಟ್ರು ಅವತ್ತೇ ಯೋಳಿದ್ರಲ್ಲ, ಗ್ಯಾಸ್ ಬುಟ್ರೆ ಕಣ್ಗೇ ಬತ್ತದೆ ಅಂತ. ನಂದು ನಂಗೇ ಬಂತು ನೋಡ್ಲಾ" ಅಂತ ನಕ್ಕಾಗ ನನಗೆ ನಗಲು ಆಗಲಿಲ್ಲ.

ಬೆಂಚಿನ ಮೇಲೆ ಯಾರೋ ಬಿಟ್ಟು ಹೋದ ಪೇಪರ್ ಇತ್ತು. ಓದು ಅಂದರು. ಒಳಪುಟದಲ್ಲಿ ಸಣ್ಣ ಸುದ್ದಿ: ಓಜೋನ್ ಪದರ ಚೇತರಿಸಿಕೊಳ್ಳುತ್ತಿದೆ, ಧ್ರುವದ ಮೇಲಿನ ಆ ತೂತು ನಿಧಾನವಾಗಿ ಕಿರಿದಾಗುತ್ತಿದೆ, ಪೂರ್ತಿ ಮೊದಲಿನಂತಾಗಲು ಇನ್ನೂ ದಶಕಗಳು ಬೇಕು. ಅದನ್ನು ಓದದೆ ಮುಂದಿನದಕ್ಕೆ ಹೋಗಬಹುದಿತ್ತು. ಯಾಕೋ ಓದಿಬಿಟ್ಟೆ.

ಅವರ ಮುಖ ಅರಳಿತು. "ಸಭಾಶ್! ಎಲ್ಲಾರೂ ಸೇರಿ ಸರಿ ಮಾಡವ್ರೆ ಅನ್ನು. ನಾನೊಬ್ಬ ಸೋರುಸ್ಬುಟ್ರೂ ಲೋಕ ನಿಂತಿಲ್ಲ." ಸ್ವಲ್ಪ ಹೊತ್ತಾದ ಮೇಲೆ ಕೇಳಿದರು: "ಅಲ್ಲ ಕಣ್ಲಾ, ನಮ್ ಸಿಲಿಂಡ್ರಿಂದ ಮ್ಯಾಲಕ್ಕೋದದ್ದು ಈಗ ಎಲ್ಲೈತೆ?"

"ಮೇಲೇ ಇರ್ತದೆ ಅಣ್ಣ. ಆ ಗ್ಯಾಸ್ ಪೂರ್ತಿ ಹೋಗೋಕೆ ನೂರು ವರ್ಷದ ಹತ್ರ ಬೇಕಂತೆ."

"ಯಾ ಅಲ್ಲಾ" ಅಂದರು ಮೆಲ್ಲಗೆ. "ನಾನ್ ಒಂಟೋದ್ಮ್ಯಾಲೂ ನನ್ ತಪ್ಪು ಇಲ್ಲೇ ಇರ್ತದೆ."

ನಿಮ್ಮ ತಪ್ಪಲ್ಲ ಅಣ್ಣ ಅನ್ನುವ ಮಾತು ಬಾಯಿಗೆ ಬಂದಿತ್ತು. ದೇವರಾಣೆಗೂ ಬಂದಿತ್ತು. ಅಷ್ಟರಲ್ಲಿ ನರ್ಸು ಅವರ ಹೆಸರು ಕೂಗಿದರು. ನರ್ಸು ಕೂಗಿದ್ದಕ್ಕೆ ಹೇಳಲಿಲ್ಲ ಅಂತ ನಾನು ಬರೆಯುವುದಿಲ್ಲ. ಕೂಗದಿದ್ದರೂ ಹೇಳುತ್ತಿರಲಿಲ್ಲವೇನೋ. ಕೂಗಿದಾಗ ನನಗಾದದ್ದು ಸಮಾಧಾನ.

ಆಪರೇಷನ್ ಚೆನ್ನಾಗಿ ಆಯಿತು. ಮೊನ್ನೆ ಕಪ್ಪು ಕನ್ನಡಕ ತೆಗೆದರಂತೆ. ಫೋನಿನಲ್ಲಿ ಅವರ ದನಿ ಇಪ್ಪತ್ತು ವರ್ಷ ಚಿಕ್ಕದಾಗಿತ್ತು. ಗೋಡೆಯ ಮೇಲೆ ಹಲ್ಲಿ ಕಾಣುತ್ತದೆ, ಹೆಂಡತಿಯ ಮುಖದ ಮೇಲೆ ಇಷ್ಟೊಂದು ಸುಕ್ಕು ಯಾವಾಗ ಬಂತು ಅಂತ ಕೇಳಿ ಬೈಸಿಕೊಂಡೆ ಅಂತೆಲ್ಲ ಹೇಳಿದರು. ಆಮೇಲೆ:

"ಭಾನ್ವಾರ ಕಂಪ್ರೆಸರ್ ತಗಂಡ್ ಬಾ ಕಣ್ಲಾ. ಆ ಗುಳ್ಳೆಯ ನೀನ್ ನೋಡ್ದೆ, ನಾನ್ ನೋಡ್ನಿಲ್ಲ. ಒಂದ್ಸಲ ನನ್ ಕಣ್ಣಾರೆ ನೋಡ್ಬುಡ್ತೀನಿ. ಆಮ್ಯಾಕೆ ಅದ್ನ ಗುಜ್ರಿಗ್ ಆಕ್ಬುಡಾವ."

"ಆಯ್ತು ಅಣ್ಣ" ಅಂದೆ. ಫೋನಿಟ್ಟೆ.

ಹೊಸ ಕಣ್ಣು ಇಟ್ಟುಕೊಂಡು ಅವರು ತೊಟ್ಟಿಯ ಮುಂದೆ ಕೂರುತ್ತಾರೆ. ಇಲ್ಲದ ಗುಳ್ಳೆಗೆ ಕಾಯುತ್ತಾರೆ. ಬಾರದಿದ್ದರೆ ತಮ್ಮ ಕಣ್ಣೇ ಇನ್ನೂ ಸರಿಯಾಗಿಲ್ಲ ಅಂದುಕೊಳ್ಳುತ್ತಾರೆ — ಅವರು ಅಂಥವರು. ಕೈಯನ್ನು ನಂಬದಂತೆ ಮಾಡಿದೆ. ಈಗ ಕಣ್ಣನ್ನೂ ನಂಬದಂತೆ ಮಾಡಲೇ?

ಮೇಲಿನದ್ದು ಗುಣವಾಗುತ್ತಿದೆ ಅಂತ ಪೇಪರಿನವರು ಬರೆದಿದ್ದಾರೆ. ಅದರಲ್ಲಿ ನನ್ನ ಪಾಲೇನೂ ಇಲ್ಲ. ಗೊತ್ತಿಲ್ಲದ ಊರುಗಳಲ್ಲಿ ದಸ್ತಗೀರಣ್ಣನಂಥವರು ಅರ್ಧರ್ಧ ಲೋಟ ಹಿಡಿದದ್ದಕ್ಕೆ ಆಗುತ್ತಿರುವುದು. ನಾನು ಬಿಟ್ಟದ್ದು ಇನ್ನೂ ಅಲ್ಲೇ ಇದೆ, ನನ್ನ ಮೊಮ್ಮಕ್ಕಳು ಮುದುಕರಾಗುವವರೆಗೂ ಇರುತ್ತದೆ. ಅದನ್ನು ಹಿಡಿದು ತರಲು ನನ್ನ ಕೈಲಾಗುವುದಿಲ್ಲ. ಆ ಮಾತನ್ನಾದರೂ — ಕೊಟ್ಟಂಗೇ ತಂದಿದ್ದೀನಿ ಅನ್ನುವ ಆ ಮಾತನ್ನಾದರೂ — ಹೋಗಿ ವಾಪಸ್ಸು ತೆಗೆದುಕೊಳ್ಳಬಹುದು.

ಅವರು ಹೊಡೆಯಬಹುದು. ಬೈಯಬಹುದು. ಸುಮ್ಮನಿದ್ದುಬಿಟ್ಟರೆ ಅದಕ್ಕೇ ನನಗೆ ಹೆಚ್ಚು ಭಯ. ಕ್ಷಮಿಸಿ ಅಂತ ಕೇಳುವುದಿಲ್ಲ. ಕೇಳಿದರೆ ಅವರು ಬುಡ್ಲಾ ಅಂದುಬಿಡುತ್ತಾರೆ, ಅದು ನನಗೆ ಗೊತ್ತಿದ್ದೇ ಕೇಳಿದಂತಾಗುತ್ತದೆ. ಅವರ ಬೀದಿಯವರ ಮುಂದೆ, ಜೀಪು ನಿಂತಿದ್ದ ಜಾಗದಲ್ಲೇ ನಿಂತು ಹೇಳಬೇಕು. ಆಮೇಲೆ ನಮ್ಮ ಕಸುಬಿನವರಿಗೂ ಒಬ್ಬೊಬ್ಬರಿಗೇ ಹೇಳಬೇಕು.

ಭಾನುವಾರ ಗಂಜಾಂಗೆ ಹೋಗುತ್ತೇನೆ. ಅವರ ಟಾರ್ಚ್ ಒರೆಸಿ ಚೀಲಕ್ಕೆ ಹಾಕಿದ್ದೇನೆ. ಕಂಪ್ರೆಸರ್ ಒಯ್ಯುವುದಿಲ್ಲ.